ಮೇಜಿನ ಕೆಳಗಿನ ಸೂರ್ಯ

ಕಿಟಕಿಯಿಂದ ಇಳಿದ ಬಿಸಿಲಿನ ತುಂಡೊಂದು ಎದುರು ಬೆಂಚಿನವನ ತೊಡೆಯ ಮೇಲೆ ಬಿದ್ದಿದೆ, ಅವನ ಪ್ಯಾಂಟಿನ ಎಡಗಾಲು ಬಲಗಾಲಿಗಿಂತ ಕಾಲು ಇಂಚು ಗಿಡ್ಡ, ಯಾರೋ ಕೈಲಾಗದವನು ಹೊಲಿದದ್ದು, ಬಿಸಿಲನ್ನೂ ಸರಿಯಾಗಿ ಕತ್ತರಿಸಿಲ್ಲ, ಒಂದು ಮೂಲೆ ಚೂಪು, ಇನ್ನೊಂದು ಮೂಲೆ ಮೊಂಡು, ಈ ಬೆಂಚಿನಲ್ಲಿ ಕೂತ ಟೇಲರ್ ತಾತನನ್ನು ಕೇಳಿದ್ದರೆ ಹೇಳಿಕೊಡುತ್ತಿದ್ದ, ಸೂರ್ಯನನ್ನೇ ಹೊಲಿದವನು ತಾನು—ಹೌದು, ಸೂರ್ಯನನ್ನೇ, ಒಂದು ಮಧ್ಯಾಹ್ನ, ಊಟಕ್ಕೂ ಏಳದೆ, ಅಳತೆಪಟ್ಟಿಯ ಕಡೆ ಕಣ್ಣೆತ್ತಿಯೂ ನೋಡದೆ, ಸುತ್ತಲೂ ಒಂದೇ ಉಸಿರಿನ ಹೊಲಿಗೆ ಹಾಕಿ ಮುಗಿಸಿದ್ದ, ಅವತ್ತಿನಿಂದ ಇವತ್ತಿನವರೆಗೆ ಆ ಸೂರ್ಯ ಒಂದು ದಿನವೂ ಮುಳುಗಿಲ್ಲ, ಮೇಲಿರುವ ಇನ್ನೊಬ್ಬನಿಗೆ ಆ ಮಾತು ಹೇಳುವ ಧೈರ್ಯವಿದೆಯೇ, ಸಂಜೆ ಆರಾದರೆ ಅಂಗಡಿ ಮುಚ್ಚುವ ಸೋಮಾರಿ. ಅಪ್ಪಾ, ಕಾಲು ಅಲ್ಲಾಡಿಸ್ಬೇಡ, ಮಗು ಎದ್ಬಿಡುತ್ತೆ, ಎಂದಳು ಪಕ್ಕದಲ್ಲಿ ಕೂತ ಮಗಳು, ಅವನೆಲ್ಲಿ ಅಲ್ಲಾಡಿಸುತ್ತಿದ್ದ, ಕಾಲು ತಾನೇ ಹೊಲಿಗೆಯಂತ್ರ ತುಳಿಯುತ್ತಿತ್ತು, ಮೂವತ್ತೆಂಟು ವರ್ಷ ತುಳಿದ ಕಾಲು, ಲೆಕ್ಕ ಹಾಕಿದರೆ ಭೂಮಿಯನ್ನು ಏಳು ಸುತ್ತು ಹಾಕಿ ಬಂದಿರಬೇಕು, ಆಸ್ಪತ್ರೆಯ ಬೆಂಚಿನಲ್ಲಿ ಕೂರಿಸಿದರೆ ಸುಮ್ಮನಿರುತ್ತದೆಯೇ, ಆದರೂ ನಿಲ್ಲಿಸಿದ. ತೊಡೆಯ ಮೇಲೆ ಮೊಮ್ಮಗಳು ಮಲಗಿದ್ದಾಳೆ, ಮೂರು ತುಂಬಲು ಎರಡು ತಿಂಗಳಿರುವ ಪೈಲ್ವಾನಮ್ಮ, ನಿದ್ದೆಯಲ್ಲೂ ಹಣೆ ತುಂಬಾ ಬೆವರು, ಅವನ ಅಂಗಿಯ ತೋಳು ಒದ್ದೆಯಾಗಿದೆ, ಅವಳ ಕಂದು ಪ್ಯಾಂಟು ಅವನ ಕೈಕೆಲಸ, ಎಷ್ಟು ನೆಟ್ಟಗೆ ಇಳಿದಿದೆ ನೋಡು, ಇಸ್ತ್ರಿಯ ಗೆರೆ ಸೊಂಟದಿಂದ ಪಾದದವರೆಗೆ ದಾರ ಕಟ್ಟಿ ಇಳಿಬಿಟ್ಟ ಹಾಗೆ, ಯಾರಾದರೂ ಹೇಳಲಿ ನೋಡೋಣ ಒಳಗಿನ ಕಾಲು—ಬೇಡ, ಆ ನೀಲಿ ಸೀಮೆಸುಣ್ಣದ ಗೆರೆ ಎಲ್ಲಿಂದಲೋ ಕಣ್ಣ ಮುಂದೆ ಬಂತು, ಮಂಡಿಯ ಹತ್ತಿರ ಹೊರಕ್ಕೆ ವಾಲಿ, ಬೇಡ, ಈಗ ಬೇಡ. ಹೋದ ವಾರ ಇದೇ ಬೆಂಚಿನಲ್ಲಿ ಕೂತಿದ್ದರು, ಮಗುವಿನ ಮೂಳೆಯ ಎಕ್ಸ್‌ರೇ ತೆಗೆಸಿದ್ದರು, ರಕ್ತ ಕೊಟ್ಟಿದ್ದರು, ಇವತ್ತು ರಿಪೋರ್ಟು, ಕರೆದ ಕೂಡಲೇ ಒಳಗೆ ಹೋಗಬೇಕು, ಮಗಳು ಫ್ಯಾಕ್ಟರಿಗೆ ರಜೆ ಹಾಕಿ ಬಂದು ಬ್ಯಾಗನ್ನು ಎದೆಗೆ ಅವಚಿಕೊಂಡು ಕೂತಿದ್ದಾಳೆ, ರಿಪೋರ್ಟಲ್ಲಿ ಏನಿರುತ್ತಪ್ಪಾ, ಎಂದು ಏಳನೇ ಸಲ ಕೇಳಿದಳು, ಏನಿರುತ್ತೆ, ನಮ್ಮ ವಂಶದ ರಕ್ತ ಕಣಮ್ಮಾ, ನೋಡಿದ ಕೂಡಲೇ ಮೆಷಿನ್ನೇ ಎದ್ದು ನಿಂತು ಸಲಾಂ ಹೊಡೆದಿರುತ್ತೆ, ಎಂದ, ಮಗಳು ನಗಲಿಲ್ಲ, ಮೊದಲಾದರೆ ನಕ್ಕು ರೀಲು ಬಿಡಬೇಡಪ್ಪಾ ಅನ್ನುತ್ತಿದ್ದಳು. ಪೇಟೆಯೆಲ್ಲಾ ಅವನನ್ನು ರೀಲು ಮಾಸ್ತರ ಎಂದೇ ಕರೆಯುವುದು, ದಾರದ ರೀಲಿನಿಂದ ಬಂದ ಬಿರುದು ಎಂದು ಅವನು, ಬಾಯಿಂದ ಬಿಡುವ ರೀಲಿನಿಂದ ಎಂದು ಪೇಟೆ, ಎರಡರಲ್ಲಿ ಯಾವುದು ನಿಜ ಎಂದು ಅವನಿಗೇ ಈಗ ಗೊತ್ತಿಲ್ಲ, ಯಾವ ಮಾತು ಆದದ್ದು, ಯಾವ ಮಾತು ಆಡಿದ್ದು, ಹೋದ ವಾರ ಡಾಕ್ಟರಮ್ಮನಿಗೆ ಹೇಳಿದ್ದರಲ್ಲಿ—

ಬಿಸಿಲು, ಆಕೆ ಮೊದಲು ಕೇಳಿದ್ದೇ ಅದು, ಮಗು ದಿನಾ ಬಿಸಿಲಲ್ಲಿ ಆಡುತ್ತಾ, ಎಷ್ಟು ಹೊತ್ತು ಆಡುತ್ತೆ, ಆಕೆಗೆ ವಯಸ್ಸು ಮೂವತ್ತೂ ದಾಟಿರಲಿಕ್ಕಿಲ್ಲ, ಕುತ್ತಿಗೆಗೆ ಎದೆಬಡಿತ ಕೇಳುವ ಆ ಕೊಳವೆ, ಬಿಳಿ ಕೋಟಿನ ಬಲದ ಜೇಬು ಬಾಯಿ ಬಿಟ್ಟಿತ್ತು, ಎರಡು ಹೊಲಿಗೆ ಹಾಕಿದರೆ ಸರಿಹೋಗುತ್ತಿತ್ತು, ಅವನು ಜೇಬನ್ನೇ ನೋಡುತ್ತಾ ಹೇಳಿದ್ದ, ಬಿಸಿಲಾ, ಡಾಕ್ಟ್ರೇ, ಈ ಮಗು ಬೆಳಗ್ಗೆ ಪಾರ್ಕಿಗೆ ಹೋದರೆ ಸೂರ್ಯನೇ ಸುಸ್ತಾಗಿ ನೀನು ಮನೆಗೆ ಹೋಗಮ್ಮಾ ಅಂತ ಕೈ ಮುಗಿಯುತ್ತಾನೆ, ಎರಡು ಗಂಟೆ, ಕೆಲವು ದಿನ ಮೂರು, ನಾನೇ ಕರ್ಕೊಂಡ್ ಹೋಗ್ತೀನಿ—ಮಗಳೂ ತಲೆಯಾಡಿಸಿದ್ದಳು, ಹೌದು ಡಾಕ್ಟ್ರೇ, ಅಪ್ಪ ದಿನಾ ಹೋಗ್ತಾರೆ, ನನಗೆ ಬಂದು ಹೇಳ್ತಾರೆ. ಹೇಳುತ್ತಾನೆ, ಅದು ಸುಳ್ಳಲ್ಲ, ದಿನವೂ ಸಂಜೆ ಅವಳು ಫ್ಯಾಕ್ಟರಿಯಿಂದ ಬಂದು ಮಗುವನ್ನು ಎತ್ತಿಕೊಳ್ಳುವಾಗ ಇವತ್ತು ಪಾರ್ಕಲ್ಲಿ ಏನಾಯ್ತು ಗೊತ್ತಾ ಎಂದು ಶುರುಮಾಡುತ್ತಾನೆ, ಕಲ್ಲುಬೆಂಚು, ಒಂದು ಕಿವಿ ನೆಟ್ಟಗೆ ಇನ್ನೊಂದು ಕಿವಿ ಮಡಚಿದ ಕಪ್ಪು ನಾಯಿ, ಆ ನಾಯಿ ನಮ್ಮ ಪೈಲ್ವಾನಮ್ಮನನ್ನು ಕಂಡರೆ ಬಾಲ ಮಡಚಿ ನಮಸ್ಕಾರ ಹಾಕುವುದು, ಗಾಳಿಪಟ ಹಾರಿಸುವ ಮುದುಕ, ಅವನ ಗಾಳಿಪಟ ಒಂದು ದಿನ ವಿಮಾನಕ್ಕೆ ಸಿಕ್ಕಿಕೊಂಡು ಮುದುಕನೂ ಹೋಗಿ ಮರುದಿನ ಬಸ್ಸಿನಲ್ಲಿ ವಾಪಸ್ಸು ಬಂದದ್ದು, ಮಗಳ ಮುಖದ ಸುಸ್ತು ಆ ಕತೆಗೆ ಸ್ವಲ್ಪ ಸ್ವಲ್ಪವೇ ಇಳಿಯುವುದು, ಆ ನಾಯಿಯ ಬಣ್ಣ ಕಪ್ಪೇ ಹೌದು, ಹೊಟ್ಟೆಯ ಹತ್ತಿರ ಒಂದು ಬಿಳಿ ಮಚ್ಚೆ, ಅವನಿಗೆ ಈಗಲೂ ಕಾಣಿಸುತ್ತಿದೆ, ಕೈ ನೀಡಿದರೆ ಮೂತಿಯ ತಣ್ಣಗಿನ ಒದ್ದೆ ತಾಗುತ್ತದೆ—ಅಂದಮೇಲೆ ಅದು ಇತ್ತು ತಾನೇ, ಇಲ್ಲದ ನಾಯಿಯ ಮೂತಿ ಯಾರಿಗಾದರೂ ತಾಗುತ್ತದೆಯೇ, ಒಂದು ಸಲವಂತೂ ಹೋಗಿದ್ದರು, ಖಂಡಿತ, ಮಗುವಿಗೆ ಆರು ತಿಂಗಳಿದ್ದಾಗ, ಅಥವಾ ಅದು ಮಗಳು ಸಣ್ಣವಳಿದ್ದಾಗಲೋ, ಬೆಂಚು ಕಲ್ಲಿನದೋ ಮರದ್ದೋ.

ಅಂಗಡಿ ಇರುವುದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ, ಹದಿನಾಲ್ಕು ಮೆಟ್ಟಿಲು ಕೆಳಗೆ, ಒಂದು ಬದಿಗೆ ಕೀಲಿಕೈ ಮಾಡುವವನು, ಇನ್ನೊಂದು ಬದಿಗೆ ಗೋಡೆ, ತಲೆಯ ಮೇಲೆ ಎರಡು ಟ್ಯೂಬ್‌ಲೈಟು, ಅವುಗಳ ಬೆಳಕಿಗೆ ಸೂಜಿಯ ಕಣ್ಣು ಬಾಗಿಲಿನಷ್ಟು ಅಗಲ ಕಾಣುತ್ತದೆ, ಮಗಳ ಫ್ಯಾಕ್ಟರಿ ಬಸ್ಸು ಬೆಳಕು ಹರಿಯುವ ಮೊದಲೇ ಬಂದು ಕತ್ತಲಾದ ಮೇಲೆ ತಂದುಬಿಡುತ್ತದೆ, ಅಳಿಯ ಲಾರಿ ಓಡಿಸುತ್ತಾ ತಿಂಗಳಿಗೆ ಎರಡು ಸಲ ಮುಖ ತೋರಿಸುತ್ತಾನೆ, ಮಗುವಿಗೆ ಹತ್ತು ತಿಂಗಳಾದಾಗ ಮಗಳು ಹೇಳಿದ್ದಳು, ಅಪ್ಪಾ, ನಿನ್ನ ಅಂಗಡೀಲಿ ಗಾಳಿ ಬೆಳಕು ಇಲ್ಲ, ಶಿಶುವಿಹಾರಕ್ಕೆ ಬಿಡ್ತೀನಿ, ಅಲ್ಲಿ ಅಂಗಳ ಇದೆ. ಶಿಶುವಿಹಾರ, ಅವನು ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ್ದ, ನಿನ್ನನ್ನ ಸಾಕಿದವನು ನಾನು, ನಿನ್ನ ಅಮ್ಮ ಹೋದಮೇಲೆ ಒಂದು ಕೈಯಲ್ಲಿ ನಿನ್ನ ಜಡೆ, ಇನ್ನೊಂದು ಕೈಯಲ್ಲಿ ನೂರು ಜನರ ಬಟ್ಟೆ, ಈ ಒಂದು ಹಿಡಿ ಮಗುವನ್ನ ನೋಡಿಕೊಳ್ಳೋಕೆ ಆಗಲ್ವಾ, ದಿನಾ ಪಾರ್ಕಿಗೆ ಕರ್ಕೊಂಡ್ ಹೋಗ್ತೀನಿ, ಒಂದು ದಿನ ತಪ್ಪಿದರೆ ಹೆಸರು ಬದಲಾಯಿಸು, ಎಂದಿದ್ದ, ಹೋಗುವ ಮನಸ್ಸಿತ್ತು, ಸುಳ್ಳಲ್ಲ, ಮೊದಲ ದಿನ ಅಂಗಿ ಬೇಗ ಬೇಕೆಂದು ಒಬ್ಬ ಬಂದ, ಎರಡನೇ ದಿನ ಮೆಟ್ಟಿಲು ಹತ್ತುವಾಗ ಮಂಡಿ ನೋವು, ಮೂರನೇ ದಿನ ಹೊರಗೆ ಆ ಗಾಡಿಗಳ ಸಾಲು, ನಾಲ್ಕನೇ ದಿನ ಮಗಳು ಪಾರ್ಕಿಗೆ ಹೋಗಿದ್ರಾ ಎಂದು ಕೇಳಿದಾಗ ಬಾಯಿಗೆ ಆ ನಾಯಿ ಬಂತು. ಅದೇ ಮಧ್ಯಾಹ್ನವೋ ಮರುದಿನವೋ ಅವನು ಕತ್ತರಿಸುವ ಮೇಜಿನ ಕೆಳಗೆ ಹಸಿರು ಚೂರುಬಟ್ಟೆಗಳನ್ನು ಹಾಸಿ ಹುಲ್ಲು ಮಾಡಿದ, ಕಪ್ಪು ಉಣ್ಣೆಯ ಚೂರಿನಲ್ಲಿ ಹತ್ತಿ ತುಂಬಿ ನಾಯಿ ಮಾಡಿದ, ಒಂದು ಕಿವಿ ನೆಟ್ಟಗೆ, ಒಂದು ಮಡಚಿ, ಹಳದಿ ಸ್ಯಾಟಿನ್ ಬಟ್ಟೆಯನ್ನು ತಟ್ಟೆಯಷ್ಟು ಗುಂಡಗೆ ಕತ್ತರಿಸಿ, ಸುತ್ತ ಹೊಲಿಗೆ ಹಾಕಿ, ಮೇಜಿನ ಹಲಗೆಯ ಅಡಿಗೆ ಪಿನ್ನು ಚುಚ್ಚಿ ನಿಲ್ಲಿಸಿದ, ಮಗು ಅಂಗಾತ ಮಲಗಿ ಅದನ್ನೇ ನೋಡಿ ಕೈ ಚಾಚಿ ನಕ್ಕಿತು, ಅಂಥಾ ನಗು ಯಾವ ಪಾರ್ಕಿನಲ್ಲಿ ಸಿಗುತ್ತದೆ, ಕೀಲಿಕೈಯವನು ಬಗ್ಗಿ ನೋಡಿ, ಏನೋ ರೀಲು, ಸೂರ್ಯನನ್ನೂ ಬಾಡಿಗೆಗೆ ಹಿಡಿದುಬಿಟ್ಯಾ, ಮಗೂನ ಸ್ವಲ್ಪ ಮೇಲಕ್ಕೆ ಕರ್ಕೊಂಡ್ ಹೋಗಯ್ಯಾ, ಬಿಳುಚಿಕೊಂಡಿದೆ, ಎಂದಿದ್ದ, ಬಿಳುಪಲ್ಲವೋ ಅದು ತೇಜಸ್ಸು, ನಿನ್ನ ತುಕ್ಕು ಹಿಡಿದ ಕಣ್ಣಿಗೆ ಹೇಗೆ ಕಾಣಬೇಕು, ಎಂದಿದ್ದ ಅವನು. ಹಲ್ಲು ತಡವಾಯಿತು, ಅರಸುಮಕ್ಕಳ ಹಲ್ಲು, ಅವಸರ ಇಲ್ಲ, ಎಂದ, ಒಂದೂವರೆ ವರ್ಷವಾದರೂ ನಿಲ್ಲಲಿಲ್ಲ, ನಡೆದಾಡೋರು ಆಳುಗಳು, ಕೂತಲ್ಲಿಗೆ ಎಲ್ಲಾ ತರಿಸಿಕೊಳ್ಳೋರು ಒಡೆಯರು, ಎಂದ, ಹಣೆ ಬೆವರಿತು, ತಲೆಯೊಳಗೆ ಅಷ್ಟು ಯೋಚನೆ ಓಡ್ತಿದೆ, ಎಂದ, ಮಣಿಕಟ್ಟು ದಪ್ಪಗಾಗಿ ಉಬ್ಬಿತು, ನೋಡ್ರಯ್ಯಾ ಪೈಲ್ವಾನರ ಮಣಿಕಟ್ಟು, ಎಂದು ಕೆಳಗಿನ ಪೇಟೆಯವರಿಗೆಲ್ಲಾ ಮಗುವಿನ ಕೈ ಎತ್ತಿ ತೋರಿಸಿದ, ಎತ್ತುವಾಗ ಮಗು ಕಿರುಚಿತು, ಮುಟ್ಟಿಸಿಕೊಳ್ಳೋದು ಇಷ್ಟ ಇಲ್ಲ, ಸ್ವಾಭಿಮಾನಿ, ಎಂದ, ಒಂದೊಂದಕ್ಕೂ ಒಂದೊಂದು ಮಾತಿತ್ತು ಅವನ ಬಳಿ, ಅಳತೆಗೆ ಸರಿಯಾಗಿ ಕತ್ತರಿಸಿ ಇಟ್ಟ ಹಾಗೆ, ಆ ಗೆರೆಯೊಂದನ್ನು ಬಿಟ್ಟು.

ಅಮ್ಮಾ, ಎಂದು ಪೈಲ್ವಾನಮ್ಮ ಎದ್ದಳು, ಬಿಸಿಲಿನ ತುಂಡು ಈಗ ಅವಳ ಪಾದದವರೆಗೆ ಬಂದಿದೆ, ಕಣ್ಣು ಕಿರಿದು ಮಾಡಿ ಅದನ್ನು ಬೆರಳಿನಿಂದ ಮುಟ್ಟಿದಳು, ಎತ್ತಲು ನೋಡಿದಳು, ಬರಲಿಲ್ಲ, ತಾತಾ, ಇದಕ್ಕೆ ಪಿನ್ನು ಎಲ್ಲಿ, ಎಂದಳು. ಮಗಳಿಗೆ ಅರ್ಥವಾಗಲಿಲ್ಲ, ಯಾವ ಪಿನ್ನು ಪುಟ್ಟೀ, ಎಂದಳು, ಪಾಕಲ್ಲಿ ಇದೆಯಲ್ಲಾ, ತಾತನ ಪಾಕಲ್ಲಿ, ಮೇಜಿನ ಕೆಳಗೆ, ಮಗಳು ನಕ್ಕಳು, ಈ ದಿನದ ಮೊದಲ ನಗು, ಏನಪ್ಪಾ, ಇವಳೂ ನಿನ್ನ ಹಾಗೇ ಆಗ್ತಿದ್ದಾಳಲ್ಲಾ, ಎಂದಳು, ಹೂಂ ಮತ್ತೆ, ರಕ್ತ ಯಾರದು, ಎಂದ ಅವನು. ನಗು ಮುಗಿಸಿ ಮಗಳು ಬ್ಯಾಗಿನ ಬಾಯಿ ತೆರೆದು ನೋಡಿ ಮುಚ್ಚಿದಳು, ಡಾಕ್ಟರಮ್ಮ ಹನಿಯ ಬಾಟ್ಲಿ ತನ್ನಿ ಅಂದಿದ್ರಲ್ಲಪ್ಪಾ, ಬೆಳಗ್ಗೆ ನೀನು ಅಂಗಡಿ ಶಟರ್ ತೆಗೆದು ಕಸ ಗುಡಿಸ್ತಿದ್ದಾಗ ತಗೊಂಡೆ, ಮೆಷಿನ್ ಪಕ್ಕದಲ್ಲೇ ಇತ್ತು—ಅವನ ಕಾಲು ಮತ್ತೆ ತುಳಿಯತೊಡಗಿತು, ಮೆಷಿನ್ ಪಕ್ಕದ ಬಾಟ್ಲಿ, ಕಂದು ಗಾಜು, ರಬ್ಬರು ಬುರುಡೆಯ ಡ್ರಾಪರು, ಲಸಿಕೆ ಹಾಕಿಸಲು ಹೋದಾಗ ನರ್ಸಮ್ಮ ಕೈಗಿಟ್ಟು ಹೇಳಿದ್ದಳು, ವಿಟಮಿನ್ ಡಿ, ದಿನಾ ಈ ಗೆರೆವರೆಗೆ, ಮುಗಿದ ಮೇಲೆ ಇನ್ನೊಂದು ತಗೊಳ್ಳಿ, ಮರೀಬೇಡಿ ತಾತಾ, ಅವನು ಹಾಕಿದ್ದ, ಆ ಬಾಟ್ಲಿ ಮುಗಿಯುವವರೆಗೆ ಹಾಕಿದ್ದ, ಮುಗಿದ ವಾರವೇ ಎಣ್ಣೆಡಬ್ಬಿಯ ಮೂತಿ ಮುರಿಯಿತು, ಡ್ರಾಪರಿನ ತುದಿ ಯಂತ್ರದ ಎಣ್ಣೆರಂಧ್ರಕ್ಕೆ ಹೇಳಿ ಮಾಡಿಸಿದಂತೆ ಕೂತಿತು, ಒಂದೇ ದಿನಕ್ಕೆ ಎಂದುಕೊಂಡಿದ್ದ, ಇನ್ನೊಂದು ತರಬೇಕು, ನಾಳೆ ತರಬೇಕು, ಬೆಳೆದ ಮಗುವಿಗೆ ಹನಿ ಯಾಕೆ, ಮಗಳು ಕೇಳಿದಾಗಲೆಲ್ಲಾ ದಿನಾ ಹಾಕ್ತೀನಮ್ಮಾ, ಗೆರೆವರೆಗೆ, ಒಂದು ದಿನವೂ ತಪ್ಪಿಸಿಲ್ಲ, ಎಂದ, ತಪ್ಪಿಸಿಯೂ ಇಲ್ಲ, ಎರಡು ವರ್ಷದಿಂದ ಆ ಯಂತ್ರ ಒಂದು ಸಲವೂ ಕಿರುಗುಟ್ಟಿಲ್ಲ. ಅದೇ ಬಾಟ್ಲಿ, ಒಂದು ಮೊಳ ದೂರದಲ್ಲಿ, ಮಗಳ ಎದೆಗೆ ಒತ್ತಿಕೊಂಡ ಬ್ಯಾಗಿನಲ್ಲಿ. ಅದನ್ನ ಕೊಡಮ್ಮಾ, ನಾನು ಹಿಡ್ಕೋತೀನಿ, ಎಂದ ಅವನು, ಇರಲಿ ಬಿಡಪ್ಪಾ, ಅಲ್ಲಾ, ಅದು ಹಳೇ ಬಾಟ್ಲಿ, ಹಳೇದಾದರೇನು, ಅವರು ಹೆಸರು ನೋಡೋಕೆ ಕೇಳಿದ್ದು, ಎಂದಳು, ಅಷ್ಟರಲ್ಲಿ ಬಾಗಿಲಿನಿಂದ ನರ್ಸು ಕರೆದಳು, ಟೇಲರ್ ತಾತನ ಮೊಮ್ಮಗಳು, ಬನ್ನಿ.

ಪೈಲ್ವಾನಮ್ಮ ನಡೆದೇ ಬರುತ್ತೇನೆಂದಳು, ಬಾತುಕೋಳಿಯ ಹಾಗೆ ಈ ಕಡೆ ಆ ಕಡೆ ತೂಗುತ್ತಾ, ಹೋದ ತಿಂಗಳು ಮಗಳು ಸ್ನಾನ ಮಾಡಿಸುವಾಗ ಒಮ್ಮೆಗೇ ಕೂಗಿದ್ದಳು, ಅಪ್ಪಾ, ಇವಳ ಕಾಲು ಯಾಕೆ ಹೀಗಿದೆ, ಮೊದಲು ಹೀಗಿತ್ತಾ, ಬಾಗಿಲಿನ ಹೊರಗೆ ನಿಂತು ಅವನು ಕುದುರೆ ಸವಾರರ ಕಾಲು ಕಣಮ್ಮಾ ಎಂದಿದ್ದ, ಆ ಮಾತಿಗೆ ಅವಳು ಟವೆಲ್ಲಿನಲ್ಲಿ ಸುತ್ತಿದ ಮಗುವನ್ನು ಹಿಡಿದುಕೊಂಡು ಹೊರಗೆ ಬಂದು ಅವನನ್ನು ನೋಡಿದ ರೀತಿ—ನಾನು ಬೆಳಕಲ್ಲಿ ಇವಳನ್ನ ನೋಡೋದೇ ಭಾನುವಾರ, ಪ್ಯಾಂಟು ಹಾಕಿದ್ರೆ ಎಷ್ಟು ನೆಟ್ಟಗಿರುತ್ತೆ, ನನಗೆ ಗೊತ್ತೇ ಆಗ್ಲಿಲ್ಲ, ನಿನಗೂ ಗೊತ್ತಾಗ್ಲಿಲ್ವಾ, ಎಂದಿದ್ದಳು, ಆಗಲಿಲ್ಲ, ಎಂದಿದ್ದ. ಒಳಗೆ ಡಾಕ್ಟರಮ್ಮ ಎಕ್ಸ್‌ರೇಯನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದಳು, ನೋಡಿ, ಇದು ಮಣಿಕಟ್ಟು, ಮೂಳೆಯ ತುದಿ ಇಲ್ಲಿ ನಯವಾಗಿ ಮುಗೀಬೇಕಿತ್ತು, ಮುಗಿದಿಲ್ಲ, ಎಂದಳು, ಅವನು ನೋಡಿದ, ಹೊಲಿಯದೆ ಬಿಟ್ಟ ಬಟ್ಟೆಯ ಅಂಚು, ಎಳೆಎಳೆಯಾಗಿ ಬಿಚ್ಚಿಕೊಂಡು ಜೋತ ದಾರಗಳು, ಅಂಚು ಮಡಿಸದೆ ಕೊಟ್ಟ ಬಟ್ಟೆಯನ್ನು ಅವನು ಜನ್ಮದಲ್ಲಿ ಅಂಗಡಿಯಿಂದ ಹೊರಗೆ ಬಿಟ್ಟವನಲ್ಲ, ಮೂರು ಲಕ್ಷ ಪ್ಯಾಂಟು ಹೊಲಿದವನು, ಈ ಒಂದು ಅಂಚು, ಪೈಲ್ವಾನರದ್ದೆಂದು ಪೇಟೆಗೆಲ್ಲಾ ಎತ್ತಿ ತೋರಿಸಿದ ಅಂಚು. ಇದನ್ನ ರಿಕೆಟ್ಸ್ ಅಂತೀವಿ, ಆಕೆ ಹೇಳುತ್ತಿದ್ದಾಳೆ, ಮೂಳೆ ಗಟ್ಟಿಯಾಗದೆ ಮೆತ್ತಗೆ ಉಳಿಯುತ್ತೆ, ನಿಂತಾಗ ಮೈಯ ಭಾರಕ್ಕೆ ಬಾಗುತ್ತೆ, ಸಾಮಾನ್ಯವಾಗಿ ಬಿಸಿಲು ಕಾಣದ ಮಕ್ಕಳಿಗೆ, ವಿಟಮಿನ್ ಡಿ ಸಿಗದವರಿಗೆ ಬರುತ್ತೆ, ಈ ಮಗುವಿನ ರಕ್ತದಲ್ಲಿ ಅದು ಇಪ್ಪತ್ತಾದರೂ ಇರಬೇಕಾದಲ್ಲಿ ನಾಲ್ಕಿದೆ, ನಾಲ್ಕೇ ನಾಲ್ಕು, ನನಗೆ ಗೊಂದಲ ಆಗ್ತಿರೋದು ಇಲ್ಲೇ, ನೀವು ದಿನಾ ಎರಡು ಮೂರು ಗಂಟೆ ಬಿಸಿಲಲ್ಲಿ ಆಡಿಸ್ತೀರಿ, ಹನಿ ಒಂದು ದಿನವೂ ತಪ್ಪಿಲ್ಲ ಅಂತೀರಿ, ಅಷ್ಟೆಲ್ಲಾ ಕೊಟ್ಟೂ ರಕ್ತದಲ್ಲಿ ಇಲ್ಲ ಅಂದ್ರೆ ಹೊಟ್ಟೆಗೆ ಹೋದದ್ದನ್ನ ಕರುಳು ಹೀರಿಕೊಳ್ತಿಲ್ಲ ಅಂತ ಅನುಮಾನ, ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ, ಮಗುವಿಗೆ ಎಚ್ಚರ ತಪ್ಪಿಸಿ, ಗಂಟಲಿನಿಂದ ಸಣ್ಣ ಕೊಳವೆ ಇಳಿಸಿ, ಕರುಳಿನ ಒಂದು ಚೂರು ತೆಗೆದು ನೋಡ್ತಾರೆ, ಕೆಲವೊಮ್ಮೆ ಇದು ವಂಶದಿಂದಲೂ ಬಂದಿರುತ್ತೆ, ತಾಯಿಯ ರಕ್ತವನ್ನೂ ಪರೀಕ್ಷೆ ಮಾಡ್ಬೇಕಾಗಬಹುದು.

ಕೊಳವೆ, ಗಂಟಲಿನಿಂದ, ಒಂದು ಚೂರು ತೆಗೆದು—ಅವನು ಮಗುವಿನ ಕುತ್ತಿಗೆ ನೋಡಿದ, ಕಾಲರ್ ಅಳತೆ ಎಂಟೂವರೆ, ಎಂಟೂವರೆ ಇಂಚಿನ ಕುತ್ತಿಗೆಯಲ್ಲಿ ಎಷ್ಟು ದಪ್ಪದ ಕೊಳವೆ, ಮಗಳು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದಳು, ನನ್ನ ರಕ್ತದಿಂದ ಬಂದಿರಬಹುದಾ ಡಾಕ್ಟ್ರೇ, ನಾನು ಬಸುರಿಯಾಗಿದ್ದಾಗಲೂ ಶಿಫ್ಟಿಗೆ ಹೋಗ್ತಿದ್ದೆ, ನನ್ನ ಹಾಲಲ್ಲೇ ಏನಿಲ್ವೋ ಏನೋ, ನನಗೂ ಕಾಲು ಸೆಳೀತಾನೇ ಇರುತ್ತೆ, ಎನ್ನುತ್ತಿದ್ದಾಳೆ, ಅಪ್ಪ ಇಷ್ಟೆಲ್ಲಾ ಮಾಡಿದ್ರು, ದಿನಾ ಪಾರ್ಕು, ದಿನಾ ಹನಿ, ನನ್ನದೇ ತಪ್ಪಿರಬೇಕು. ಈಗ ಹೇಳಬೇಕು, ಈಗಲೇ, ಬಾಯಿ ತೆರೆದ, ಬಾಯಿಯಿಂದ ಬಂದದ್ದು ಬೇರೆಯೇ, ಡಾಕ್ಟ್ರೇ, ನಮ್ಮ ವಂಶದಲ್ಲಿ ಕರುಳು ಅಂದ್ರೆ, ನಮ್ಮಪ್ಪ ಕಲ್ಲು ತಿಂದು ಕರಗಿಸ್ಕೋತಿದ್ರು, ಎಂದ, ಯಾಕೆ ಹಾಗಂದ, ಯಾರಿಗೆ ಬೇಕಾಗಿತ್ತು, ನಾಲಿಗೆ ತಾನೇ ತುಳಿಯುತ್ತದೆ, ಕಾಲಿನ ಹಾಗೆ, ಡಾಕ್ಟರಮ್ಮ ಕನ್ನಡಕ ತೆಗೆದು ಒರೆಸಿಕೊಂಡಳು, ಪಾರ್ಕು ಸುಳ್ಳೆಂದರೆ ಮಗಳು ಮಗುವನ್ನು ಶಿಶುವಿಹಾರಕ್ಕೆ ಬಿಡುತ್ತಾಳೆ, ಬಿಡಲೇಬೇಕು, ಹಾಗಾದರೆ ಮೇಜಿನ ಕೆಳಗಿನಿಂದ ತಾತಾ ಎಂದು ಯಾರು ಕರೆಯುತ್ತಾರೆ, ನಡುಮಧ್ಯಾಹ್ನ ಯಂತ್ರ ನಿಲ್ಲಿಸಿದಾಗ ಕೇಳುವುದು ಕೀಲಿಕೈಯವನ ಅರದ ಸದ್ದೊಂದೇ, ಆದರೆ ಪಾರ್ಕು ಇತ್ತಲ್ಲಾ, ನಾಯಿ ಇತ್ತು, ಮೂತಿ ಒದ್ದೆ ಇತ್ತು, ಹತ್ತಿ ತುಂಬಿದ ಮೂತಿ ಒದ್ದೆ ಹೇಗಾಗುತ್ತದೆ, ಮಗು ಬಾಯಿಗೆ ಹಾಕಿ ಚೀಪಿದ್ದರಿಂದ, ಓ, ಹಾಗಾದರೆ ಆ ತಣ್ಣಗಿನ ಒದ್ದೆ ಅದು. ಬಾಟ್ಲಿ ತಂದಿದ್ದೀರಾ, ಎಂದಳು ಡಾಕ್ಟರಮ್ಮ, ಪ್ರಮಾಣ ನೋಡೋಣ, ಮಗಳು ಬ್ಯಾಗಿನಿಂದ ತೆಗೆದು ಕೊಟ್ಟಳು, ಚೀಟಿ ಅಳಿಸಿದೆ ಡಾಕ್ಟ್ರೇ, ಕೈ ತಾಗಿ ತಾಗಿ, ಡಾಕ್ಟರಮ್ಮ ಮುಚ್ಚಳ ತಿರುಗಿಸಿ ಡ್ರಾಪರ್ ಎತ್ತಿದಳು, ತುದಿಗೆ ಕೆಂಪು ದಾರದ ಎಳೆಯೊಂದು ಅಂಟಿಕೊಂಡು ಬಂತು, ಹಿಂದಿನ ದಿನ ಕೆಂಪು ಲಂಗವೊಂದರ ಅಂಚು ಹೊಲಿದಿದ್ದ, ಆಕೆ ಮೂಗಿನ ಹತ್ತಿರ ತಂದಳು, ಇನ್ನೊಮ್ಮೆ ತಂದಳು, ಒಂದು ಹನಿಯನ್ನು ಬೆರಳಿನ ನಡುವೆ ತಿಕ್ಕಿ ನೋಡಿದಳು. ಇದು ಮೆಷಿನ್ ಎಣ್ಣೆ ಅಲ್ವಾ, ಎಂದಳು ಮೆಲ್ಲಗೆ, ತಾತಾ, ಮಗುವಿಗೆ ಇದನ್ನ ಕುಡಿಸಿದ್ದೀರಾ.

ಇಲ್ಲ, ಅಯ್ಯೋ, ಇಲ್ಲ, ಮಗುವಿಗಲ್ಲ, ಮೆಷಿನ್ನಿಗೆ—ಎಂದ, ಅಷ್ಟು ಹೇಳಿದ ಮೇಲೆ ಇನ್ನೊಂದು ಮಾತು ತಾನಾಗಿ ಬರುತ್ತದೆಂದು ಕಾದ, ಬರಲಿಲ್ಲ, ಜೀವಮಾನದಲ್ಲಿ ಮೊದಲ ಸಲ ಬಾಯಿಯ ರೀಲಿನಲ್ಲಿ ದಾರ ಮುಗಿದಿತ್ತು, ಮಗಳು ಬಾಟ್ಲಿಯನ್ನು ನೋಡಿದಳು, ಅವನನ್ನು ನೋಡಿದಳು, ಹಾಗಾದ್ರೆ ಹನಿ, ಎಂದಳು, ಎರಡು ವರ್ಷದಿಂದ ಹಾಕಿಲ್ಲಮ್ಮಾ, ಎಂದ, ಮತ್ತೆ ಪಾರ್ಕು, ಎಂದಳು, ಅದಕ್ಕೆ ಅವನು ಉತ್ತರ ಕೊಡುವ ಮೊದಲೇ ಪೈಲ್ವಾನಮ್ಮ ಕುರ್ಚಿಯ ಕಾಲು ಹಿಡಿದು ನಿಂತು, ಪಾಕು ಮೇಜಿನ ಕೆಳಗೆ, ನಾಯಿ ಇದೆ, ತಾತ ಸೂರ್ಯ ಮಾಡಿದ್ದಾರೆ, ಎಂದು ಹೆಮ್ಮೆಯಿಂದ ಹೇಳಿದಳು, ಅವನಿಂದಲೇ ಕಲಿತ ಹೆಮ್ಮೆ, ಆದರೆ ಅವಳು ಹೇಳಿದ್ದು ಅಷ್ಟೂ ನಿಜ. ಹೌದಮ್ಮಾ, ಎಂದ ಅವನು, ಹಳದಿ ಸ್ಯಾಟಿನ್ನು, ಪಿನ್ನು ಚುಚ್ಚಿದ್ದೀನಿ, ಅದೊಂದೇ, ಬೇರೆ ಬಿಸಿಲು ಇವಳಿಗೆ ನಾನು ತೋರಿಸಿಲ್ಲ, ಕೊಳವೆ ಹಾಕಬೇಡಿ ಡಾಕ್ಟ್ರೇ, ಇವಳ ಕರುಳಲ್ಲಿ ಏನೂ ಇಲ್ಲ, ನನ್ನ ಮಗಳ ರಕ್ತದಲ್ಲೂ ಏನಿಲ್ಲ. ಡಾಕ್ಟರಮ್ಮ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು, ದೊಡ್ಡ ಆಸ್ಪತ್ರೆಯ ಚೀಟಿಯನ್ನು ಪಕ್ಕಕ್ಕೆ ಸರಿಸಿದಳು, ಇದೇ ಆಗಿದ್ರೆ ಒಳ್ಳೇದೇ ಆಯ್ತು, ಔಷಧಿ ಕೊಡ್ತೀನಿ, ಬಿಸಿಲಲ್ಲಿ ಆಡ್ಲಿ, ಈ ವಯಸ್ಸಲ್ಲಿ ಮೂಳೆ ಬೇಗ ಕೇಳುತ್ತೆ, ಕಾಲೂ ಬಹಳಮಟ್ಟಿಗೆ ನೆಟ್ಟಗಾಗಬಹುದು, ಒಂದೆರಡು ವರ್ಷ ಹಿಡೀಬಹುದು, ಎಷ್ಟು ದಿನದಿಂದ ಬಾಗಿದೆ, ಎಷ್ಟು ಬೇಗ ಬಾಗ್ತಾ ಬಂತು ಅನ್ನೋದು ಗೊತ್ತಾದ್ರೆ ಅನುಕೂಲ, ಹೋದ ತಿಂಗಳು ನೋಡಿದ್ದು ಅಂದ್ರಲ್ಲಾ, ಎಂದು ಪೆನ್ನು ಹಿಡಿದು ಮಗಳ ಕಡೆ ತಿರುಗಿದಳು, ಹೌದು, ಹೋದ ತಿಂಗಳು ಸ್ನಾನ ಮಾಡಿಸುವಾಗ, ಎಂದಳು ಮಗಳು, ಅವನ ಕಡೆ ನೋಡದೆ. ಸುಮ್ಮನಿರಬಹುದಿತ್ತು, ಬಾಟ್ಲಿ ಸಿಕ್ಕಿತು, ಪಾರ್ಕು ಸಿಕ್ಕಿತು, ಇದೊಂದು ಯಾರಿಗೂ ಸಿಕ್ಕಿರಲಿಲ್ಲ, ಮಕ್ಕಳಿಗೆ ಅವನು ಅಳತೆಪಟ್ಟಿ ಹಿಡಿಯುವವನಲ್ಲ, ಬಟ್ಟೆಯನ್ನು ಮೇಜಿನ ಮೇಲೆ ಹಾಸಿ, ಮಗುವನ್ನು ಅದರ ಮೇಲೆ ಅಂಗಾತ ಮಲಗಿಸಿ, ಎರಡೂ ಹಿಮ್ಮಡಿಗಳನ್ನು ಜೋಡಿಸಿ ಹಿಡಿದು ನೀಲಿ ಸೀಮೆಸುಣ್ಣದಲ್ಲಿ ಸುತ್ತಲೂ ಗೆರೆ ಎಳೆಯುತ್ತಾನೆ, ಪೈಲ್ವಾನಮ್ಮ ಕಚಗುಳಿಗೆ ಕಿಲಕಿಲ ನಗುತ್ತಾಳೆ, ಎತ್ತಿ ಕೆಳಗಿಳಿಸಿದ ಮೇಲೆ ಬಟ್ಟೆಯ ಮೇಲೆ ಮಗುವಿಲ್ಲದ ಗೆರೆ ಉಳಿಯುತ್ತದೆ, ಹಿಮ್ಮಡಿ ಹಿಮ್ಮಡಿಗೆ ತಾಗಿದೆ, ಮಂಡಿ ಮಂಡಿಗೆ ತಾಗಿಲ್ಲ, ಮೊದಲ ಸಲ ಕೈ ನಡುಗಿತೆಂದುಕೊಂಡು ಒರೆಸಿ ಮತ್ತೆ ಎಳೆದ, ಮತ್ತೆ ಹಾಗೇ ಬಂತು, ಗೆರೆಗಳ ನಡುವಿನ ಸಂದಿಗೆ ಪಟ್ಟಿ ಹಿಡಿದು ಅಳೆದ, ಆಗ ಮಂಡಿಯ ಒಳಬದಿಗೆ ಬಕ್ರಮ್ ಇಟ್ಟು, ಕಾಲರಿಗೆ ಹಾಕುವ ಅದೇ ಗಟ್ಟಿ ಬಟ್ಟೆ, ಹೊರಗಿನಿಂದ ನೆಟ್ಟಗೆ ಕಾಣುವ ಹಾಗೆ ಕತ್ತರಿಸಿದ, ಯಾರಿಗೂ ಹೇಳದ ಒಂದೇ ಒಂದು ಕೈಚಳಕ, ಜಗತ್ತಿಗೆಲ್ಲಾ ಜಂಬ ಕೊಚ್ಚಿದವನು ಇದೊಂದನ್ನು ಮಾತ್ರ ಕೊಚ್ಚಲಿಲ್ಲ. ಹೋದ ತಿಂಗಳಲ್ಲ ಡಾಕ್ಟ್ರೇ, ಎಂದ, ಬರ್ಕೊಳ್ಳಿ, ಐದು ಪ್ಯಾಂಟು ಹೊಲಿದಿದ್ದೀನಿ, ಮೂರು ತಿಂಗಳಿಗೊಂದು, ಮೊದಲನೇದು ಒಂದು ವರ್ಷ ಎರಡು ತಿಂಗಳ ಹಿಂದೆ, ಮಂಡಿಗಳ ನಡುವೆ ಅರ್ಧ ಇಂಚು, ಎರಡನೇದಕ್ಕೆ ಮುಕ್ಕಾಲು, ಡಾಕ್ಟರಮ್ಮನ ಪೆನ್ನು ಓಡುತ್ತಿತ್ತು, ಇದು ಅಂದಾಜಾ ತಾತಾ, ಎಂದಳು, ಅಲ್ಲ, ಎಂದ ಅವನು, ಇದು ಅಳತೆ, ಮೂರನೇದಕ್ಕೆ ಒಂದೂಕಾಲು, ನಾಲ್ಕನೇದಕ್ಕೆ ಒಂದೂ ಮುಕ್ಕಾಲು, ಈಗ ಹಾಕಿರೋದು ಐದನೇದು, ಎರಡು ತಿಂಗಳ ಹಿಂದೆ, ಎರಡೂಕಾಲು—ಮಗಳು ಬಗ್ಗಿ ಮಗುವಿನ ಪ್ಯಾಂಟಿನ ಒಳಬದಿಯನ್ನು ಬೆರಳಿನಿಂದ ಒತ್ತಿದಳು, ಬಕ್ರಮ್ ಕೈಗೆ ತಾಗಿತು, ಒತ್ತಿದ ಬೆರಳು ಅಲ್ಲೇ ನಿಂತಿತು, ನೀನು ನೋಡಿದ್ದೆಯಾ ಅಪ್ಪಾ, ಎಂದಳು, ನೋಡಿದ್ದೆ, ಎಂದ, ಕಿಟಕಿ, ಬಿಸಿಲು, ದೀಪದ ಪೆಟ್ಟಿಗೆಯಲ್ಲಿ ಬಿಚ್ಚಿಕೊಂಡ ಅಂಚು, ಏನೂ ಕಾಣಿಸುತ್ತಿಲ್ಲ, ಕಂದು ಬಟ್ಟೆ, ಅದರ ಮೇಲೆ ಮಗುವಿಲ್ಲ, ನೀಲಿ ಗೆರೆ, ಹಿಮ್ಮಡಿಯಿಂದ ಹೊರಟು, ಮಂಡಿಯ ಹತ್ತಿರ ಹೊರಕ್ಕೆ ವಾಲಿ, ಒರೆಸಿದರೂ, ಮತ್ತೆ ಎಳೆದರೂ, ಹೊರಕ್ಕೆ ವಾಲಿ.